ಹನ್ನೆರಡನೇ ಹಾರನ್

ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮೈಕಕ್ಕನ ಹತ್ತಿರ ಹನ್ನೆರಡು ಹಾರನ್‌ಗಳಿದ್ದವು. ಸಂಜೆ ಆರಕ್ಕೆ ಉಳಿದದ್ದು ಐದು. ಮುರಿದ ಏಳರ ಮಾತು ಬಿಡಿ, ತಗಡಿನ ಸಾಮಾನು ಇವತ್ತಲ್ಲ ನಾಳೆ ಸಿಗುತ್ತದೆ. ಮುರಿದ ದವಡೆಯದು, ಸುಟ್ಟ ಮನೆಯದು, ಶಟರ್ ಹೊರಗೇ ಉಳಿದು ಸತ್ತವನದು, ಇವರದ್ದು ಹೇಳಬೇಕಾದ ಕಥೆ. ಸಿಟ್ಟಿಲ್ಲದೆ ಹೇಳಲು ಬರುವ ಕಥೆಯೂ ಅಲ್ಲ ಇದು.

ಮೈಕಕ್ಕ ಅಂದರೆ ಊರ ಚೌಕದ ಮೂಲೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟುಕೊಂಡವಳು. ಅಪ್ಪನಿಂದ ಬಂದ ಅಂಗಡಿ. ಮದುವೆ, ಸಭೆ, ಆಟದ ಪಂದ್ಯ, ಏನೇ ಇರಲಿ, ಕಂಬಕ್ಕೆ ಏಣಿ ಹಾಕಿ ಹತ್ತಿ ಹಾರನ್ ಕಟ್ಟುವವಳು ಅವಳೇ. ಐವತ್ತು ದಾಟಿದ್ದರೂ ಏಣಿ ಹಿಡಿದುಕೊಳ್ಳಲು ಯಾರಾದರೂ ಬಂದರೆ, "ನನ್ನ ಕಾಲು ನನಗಿದೆ, ನಿನ್ನ ಕೆಲಸ ನೋಡ್ಕೋ ಹೋಗಪ್ಪ" ಎಂದು ಓಡಿಸುತ್ತಿದ್ದಳು. ಬಾಯಿ ಜೋರು. ಮೈಕು ಇಲ್ಲದೆಯೂ ಎರಡು ಬೀದಿಗೆ ಕೇಳಿಸುತ್ತಾಳೆ ಎಂದು ಜನ ನಗುತ್ತಿದ್ದರು.

ಅಪ್ಪ ಅವಳಿಗೆ ಕಲಿಸಿದ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಭಾಷಣ ಮಾಡಿದವನು ಮೈಕು ಬಿಟ್ಟು ಹಿಂದೆ ಸರಿದ ಕೂಡಲೇ ಸ್ವಿಚ್ ಆರಿಸಬಾರದು. ಹತ್ತರವರೆಗೆ ಎಣಿಸಬೇಕು. ಯಾಕೆಂದರೆ ಭಾಷಣಗಾರರ ಜಾತಿಯೇ ಹಾಗೆ, ಮುಗಿಯಿತು ಅಂದವರು "ಇನ್ನೊಂದೇ ಮಾತು" ಎನ್ನುತ್ತ ತಿರುಗಿ ಬರುತ್ತಾರೆ. ಬಂದಾಗ ಮೈಕು ಸತ್ತಿದ್ದರೆ ಅದನ್ನು ತಟ್ಟಿ, ಊದಿ, ಜನರ ಮುಂದೆ ಪೆಚ್ಚಾಗುತ್ತಾರೆ. ಪೆಚ್ಚಾದವರು ಮುಂದಿನ ಸಲ ನಮ್ಮನ್ನು ಕರೆಯುವುದಿಲ್ಲ. "ಹತ್ತು ಎಣಿಸು ಮಗಳೇ, ಆಮೇಲೆ ಆರಿಸು," ಎನ್ನುತ್ತಿದ್ದ ಅಪ್ಪ. ಮೂವತ್ತು ವರ್ಷ ಅವಳು ಎಣಿಸಿದ್ದಳು. ಒಂದು ಸಲವೂ ಎಡವಟ್ಟಾಗಿರಲಿಲ್ಲ.

ಊರಿನಲ್ಲಿ ಮೇಲ್ಬೀದಿಯವರು, ಕೆಳಬೀದಿಯವರು ಎಂದು ಎರಡು ಪಂಗಡ. ಮೇಲ್ಬೀದಿಯವರದ್ದು ದೊಡ್ಡ ಪಂಗಡ. ಅವರ ಪ್ರಾರ್ಥನೆ ನಿಂತುಕೊಂಡು, ಎಲ್ಲರೂ ಒಟ್ಟಿಗೆ, ಗಟ್ಟಿ ದನಿಯಲ್ಲಿ. ಕೆಳಬೀದಿಯವರದ್ದು ತುಟಿಯಲ್ಲೇ ಹೇಳಿಕೊಳ್ಳುವ ಪ್ರಾರ್ಥನೆ, ಪಕ್ಕದವನಿಗೂ ಕೇಳಿಸಬಾರದು. ಮೈಕಕ್ಕನ ಅಪ್ಪ ಮೇಲ್ಬೀದಿಯವನು, ಅಮ್ಮ ಕೆಳಬೀದಿಯವಳು. ಮದುವೆಯಾದ ಮೇಲೆ ಅಮ್ಮ ವಾರವಾರವೂ ಗಂಡನ ಪಕ್ಕದಲ್ಲಿ ನಿಂತು ಗಟ್ಟಿಯಾಗಿಯೇ ಪ್ರಾರ್ಥಿಸಿದಳು. ಊರು ಅವಳ ಮೂಲವನ್ನೇ ಮರೆತಿತ್ತು. ಆದರೆ ಬೆಳಗ್ಗೆ ಅಡುಗೆಮನೆಯಲ್ಲಿ ಹಿಟ್ಟು ನಾದುವಾಗ ಅಮ್ಮನ ತುಟಿ ಆಡುವುದನ್ನು ಇಬ್ಬರು ಮಕ್ಕಳು ನೋಡಿದ್ದರು. ನೋಡಿ ನೋಡಿ ಕಲಿತಿದ್ದರು. ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಟೀ ಕುಡಿದು ಅಂಗಡಿಗೆ ಹೋಗುತ್ತಿದ್ದ. ಒಳ್ಳೆಯ ಗಂಡ.

ಇಬ್ಬರು ಮಕ್ಕಳಲ್ಲಿ ಚಿಕ್ಕವನು ಈಗ ಊರಿನ ಶಾಲೆಯಲ್ಲಿ ಮೇಷ್ಟ್ರು. ನಲವತ್ತೆರಡಾದರೂ ಅಕ್ಕನಿಗೆ ಅವನಿನ್ನೂ ಪುಟ್ಟ. ಆ ವರ್ಷ ಪಟ್ಟಣಸಭೆಯ ಅಧ್ಯಕ್ಷಗಿರಿಗೆ ನಿಂತಿದ್ದ. ಎದುರಾಳಿ ಕಾಂಟ್ರಾಕ್ಟರು. ರಸ್ತೆ, ಚರಂಡಿ ಮಾಡಿಸುವವರು, ಮೇಲ್ಬೀದಿಯ ದೊಡ್ಡ ಕುಳ. ಪ್ರತಿ ಭಾಷಣವನ್ನೂ ಪ್ರಾರ್ಥನೆಯಿಂದಲೇ ಶುರು ಮಾಡುತ್ತಿದ್ದರು. ಮೇಷ್ಟ್ರು ಪ್ರಾರ್ಥನೆಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. "ನನ್ನ ನಂಬಿಕೆ ನನ್ನ ಮನೆ ವಿಷಯ. ನಲ್ಲೀಲಿ ನೀರು ಯಾಕೆ ಬರ್ತಿಲ್ಲ ಅಂತ ಕೇಳಿ, ಹೇಳ್ತೀನಿ" ಎನ್ನುತ್ತಿದ್ದ.

ಊರು ಮೊದಲೇ ಕುದಿಯುತ್ತಿತ್ತು. ಹಿಂದಿನ ವಾರ ಕೆಳಬೀದಿಯ ಬೇಕರಿಯವನನ್ನು ಅಡ್ಡಹಾಕಿ, ಅವನ ಒಲೆಯ ಬಾಗಿಲ ಸಂದಿಗೇ ಕೈ ಸಿಕ್ಕಿಸಿ ಮೂರು ಬೆರಳು ಮುರಿದಿದ್ದರು. ಅದಕ್ಕೆ ಉತ್ತರವಾಗಿ ಮೇಲ್ಬೀದಿಯ ಗ್ಯಾರೇಜಿನವನ ಹೊಟ್ಟೆಗೆ ಚಾಕು ಬಿದ್ದಿತ್ತು. ಮೇಷ್ಟ್ರ ಸೈಕಲ್ಲನ್ನು ಯಾರೋ ಶಾಲೆಯ ಗೇಟಿನ ಮುಂದೆಯೇ ಸುಟ್ಟಿದ್ದರು. "ಬಿಟ್ಟುಬಿಡೋ ಪುಟ್ಟ, ನಮಗ್ಯಾಕೆ ಈ ಉಸಾಬರಿ?" ಎಂದು ಅಕ್ಕ ಗೋಗರೆದಳು. "ನಾನು ಬಿಟ್ರೆ ಅವರು ಬಿಡ್ತಾರಾ ಅಕ್ಕ?" ಎಂದ ಅವನು. ಅವಳಿಗೆ ಆ ಹೊತ್ತಿಗೆ ಗೆಲ್ಲುವುದೂ ಬೇಡ, ಸೋಲುವುದೂ ಬೇಡ. ಇವನ ಪ್ರಾಣ ಉಳಿದರೆ ಸಾಕಾಗಿತ್ತು.

ಚುನಾವಣೆಗೆ ಮುಂಚೆ ಇಬ್ಬರೂ ಚೌಕದಲ್ಲಿ ಒಂದೇ ವೇದಿಕೆ ಹತ್ತಿ ವಾದ ಮಾಡಬೇಕು, ಎರಡೂ ಬೀದಿಗೆ ಕೇಳಿಸಬೇಕು ಎಂದು ಪಟ್ಟಣಸಭೆ ಹೇಳಿತ್ತು. ವೇದಿಕೆ ಮೈಕಕ್ಕನ ಅಂಗಡಿಯ ಮುಂದೆಯೇ. ಆಂಪ್ಲಿಫೈಯರನ್ನು ಅಂಗಡಿಯ ಬಾಗಿಲಲ್ಲಿ ಮೇಜಿನ ಮೇಲಿಟ್ಟು, ಕರೆಂಟು ಹೋದರೂ ಇರಲಿ ಎಂದು ಬ್ಯಾಟರಿಗೂ ತಗುಲಿಸಿ, ಅಲ್ಲಿಂದ ಹನ್ನೆರಡು ಕಡೆಗೆ ವೈರು ಎಳೆದಿದ್ದಳು. ಹನ್ನೆರಡನೆಯದು ಎಲ್ಲಕ್ಕಿಂತ ದೂರದ್ದು, ಇಳಿಜಾರಿನ ತಳದಲ್ಲಿ ಕೆಳಬೀದಿಯ ಮೊದಲ ಮನೆಯ ಸೂರಿನ ಮೇಲೆ. ಆ ಮನೆ ಚಿಕ್ಕಮ್ಮನದು, ಅಮ್ಮನ ತಂಗಿ. ಎಪ್ಪತ್ತರ ಮುದುಕಿ ಒಂಟಿಯಾಗಿ ಹೊಲಿಗೆ ಮೆಷಿನ್ ತುಳಿದುಕೊಂಡಿದ್ದಳು. ಫೋನ್ ಅಂದರೆ ಆಗದು. ಹಾಗಾಗಿ ಮೈಕ್ ಪರೀಕ್ಷೆಗೆ ಅವರಿಬ್ಬರದೇ ಒಂದು ಏರ್ಪಾಡಿತ್ತು. ಇಲ್ಲಿಂದ ಮೈಕಕ್ಕ ಕೂಗುವುದು, ಕೇಳಿಸಿದರೆ ಅಲ್ಲಿ ಚಿಕ್ಕಮ್ಮ ಅಂಗಳಕ್ಕೆ ಬಂದು ಕೆಂಪು ಬಟ್ಟೆಯ ತುಂಡೊಂದನ್ನು ಬೀಸುವುದು.

"ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ. ಕೇಳಿಸ್ತಾ ಚಿಕ್ಕಮ್ಮಾ?"

ಏಣಿಯ ಮೇಲಿಂದ ನೋಡಿದರೆ ಇಳಿಜಾರಿನ ತುದಿಯಲ್ಲಿ ಕೆಂಪು ಬಟ್ಟೆ ಆಡಿತು. ಬೇಕಾದ್ದಕ್ಕಿಂತ ಹೆಚ್ಚೇ ಆಡಿತು. ಅಕ್ಕನ ಮಗ ವೇದಿಕೆ ಹತ್ತುತ್ತಾನೆಂದು ಮುದುಕಿಗೆ ಸಂಭ್ರಮ.

ನಾಲ್ಕಕ್ಕೆ ಚೌಕ ತುಂಬಿತು. ಮುಂದೆಲ್ಲ ಮೇಲ್ಬೀದಿಯವರು, ಹಿಂದೆ ಗೋಡೆಗೆ ಒತ್ತಿಕೊಂಡು ಐವತ್ತು ಅರವತ್ತು ಮಂದಿ ಕೆಳಬೀದಿಯವರು. ಇಬ್ಬರು ಪೊಲೀಸರು ಲಾಠಿ ಊರಿಕೊಂಡು ನಿಂತಿದ್ದರು. ಗುಂಪಿನಲ್ಲಿ ಕೆಲವರ ಜೇಬು ಕಲ್ಲಿನ ಭಾರಕ್ಕೆ ಜೋತುಬಿದ್ದದ್ದು ಮೈಕಕ್ಕನಿಗೆ ಕಾಣಿಸಿತು. ಪೊಲೀಸರಿಗೆ ಕಾಣಿಸಲಿಲ್ಲ. ಅವರಿಗೆ ಕಾಣಿಸುವುದೇ ಕಡಿಮೆ.

ಕಾಂಟ್ರಾಕ್ಟರು ಪ್ರಾರ್ಥನೆ ಹೇಳಿಸಿದರು, ಜನ ಗುಡುಗಿದ ಹಾಗೆ ದನಿಗೂಡಿಸಿದರು. ಆಮೇಲೆ ಅವರು ಮೇಷ್ಟ್ರ ಕಡೆ ತಿರುಗಿದರು. ಒಂದು ಮಾತು ಒಪ್ಪಬೇಕು, ಮನುಷ್ಯ ನಾಟಕ ಆಡುತ್ತಿರಲಿಲ್ಲ.

"ಮೇಷ್ಟ್ರು ಒಳ್ಳೇವ್ರು. ನನ್ನ ಮಗಳಿಗೆ ಓದು ಕಲಿಸಿದವ್ರು. ಆದ್ರೆ ಅದೇ ಮಗಳು ಇಪ್ಪತ್ತು ದಿನ ಆಸ್ಪತ್ರೇಲಿ ಕಣ್ಣು ಬಿಡದೆ ಮಲಗಿದ್ದಾಗ ಡಾಕ್ಟರು ಕೈ ಚೆಲ್ಲಿದ್ರು. ನಾನು ಮೇಲಿರೋನನ್ನ ಬೇಡ್ಕೊಂಡೆ. ಮಗಳು ಎದ್ದು ಕೂತ್ಲು. ಅವತ್ತಿಂದ ನಾನು ಒಂದು ಹೆಜ್ಜೆ ಇಟ್ರೂ ಅವನನ್ನ ಕೇಳಿ ಇಡ್ತೀನಿ. ಈಗ ಸಭೆಗೆ ಬರುವಾಗ ಅವನನ್ನ ಕೊಡೆ ಬಿಟ್ಟ ಹಾಗೆ ಬಾಗಿಲ ಹೊರಗೆ ಬಿಟ್ಟು ಬಾ ಅಂದ್ರೆ ಹೇಗೆ ಬಿಡ್ಲಿ ಹೇಳಿ?"

ಮೇಷ್ಟ್ರು ಮೈಕಿನ ಮುಂದೆ ಬಂದ.

"ಬಿಡಿ ಅಂತ ನಾನು ಹೇಳ್ತಿಲ್ಲ. ಎದೇಲಿ ಇಟ್ಕೊಳ್ಳಿ. ಮೇಜಿನ ಮೇಲೆ ಇಡಬೇಡಿ ಅಂತ ಅಷ್ಟೇ ಕೇಳ್ತಿರೋದು. ಚರಂಡಿ ಎಲ್ಲಿ ತೋಡ್ಬೇಕು ಅಂತ ನಾವಿಬ್ರೂ ಜಗಳ ಆಡ್ಬಹುದು. ಇವತ್ತು ನೀವು ಗೆಲ್ತೀರಿ, ನಾಳೆ ನಾನು. ಆದ್ರೆ ಇಲ್ಲೇ ತೋಡು ಅಂತ ದೇವ್ರು ಹೇಳಿದಾನೆ ಅಂತ ನೀವಂದ್ರೆ, ಬೇಡ ಅನ್ನೋ ನಾನು ದೇವ್ರಿಗೇ ಬೇಡ ಅಂದ ಹಾಗಾಗುತ್ತೆ. ಆಮೇಲೆ ನನ್ನ ಜೊತೆ ವಾದ ಮಾಡೋ ಅಗತ್ಯ ಯಾರಿಗೂ ಇರಲ್ಲ. ಕಲ್ಲು ಸಾಕು."

"ನಂಬಿಕೆ ಇರೋನಿಗೆ ಹೇಳೋಕೇನ್ರಿ ಭಯ?" ಕಾಂಟ್ರಾಕ್ಟರ ದನಿ ಏರಿತು. "ನಮ್ಮ ಪ್ರಾರ್ಥನೆ ಎರಡು ಸಾಲು. ಇಲ್ಲೇ, ಎಲ್ಲರ ಮುಂದೆ ಹೇಳಿಬಿಡಿ. ಆಮೇಲೆ ಚರಂಡಿ ವಿಷಯ ಮಾತಾಡೋಣ."

"ಹೇಳು! ಹೇಳು!" ಎಂದು ಚೌಕ ಅಬ್ಬರಿಸಿತು.

"ಬರುತ್ತೆ. ಅಪ್ಪ ಕಲಿಸಿದ್ದು," ಎಂದ ಮೇಷ್ಟ್ರು. "ಆದ್ರೆ ಇಲ್ಲಿ ಹೇಳಲ್ಲ. ಪ್ರಾರ್ಥನೆ ಏನು ಗುರುತಿನ ಚೀಟಿಯೇನ್ರಿ, ಕೇಳಿದವರಿಗೆಲ್ಲ ಜೇಬಿಂದ ತೆಗೆದು ತೋರಿಸೋಕೆ?"

ಯಾರೋ ಒಬ್ಬ ನಕ್ಕ. ಇನ್ನೊಬ್ಬ ಚಪ್ಪಾಳೆ ತಟ್ಟಿದ, ಅದೂ ಮೇಲ್ಬೀದಿಯವರ ನಡುವಿನಿಂದಲೇ. ಅಲ್ಲೊಂದು ಇಲ್ಲೊಂದು ಎಂದು ಚಪ್ಪಾಳೆ ಹಬ್ಬಿತು. ಗಂಟೆ ಹೊಡೆಯಿತು, ಸಮಯ ಮುಗಿದಿತ್ತು. ಬದುಕಿದೆಯಾ ಪುಟ್ಟಾ ಎಂದು ಮೈಕಕ್ಕ ಉಸಿರು ಬಿಟ್ಟು, ಬೆರಳನ್ನು ಸ್ವಿಚ್ಚಿನ ಮೇಲಿಟ್ಟು ಎಣಿಸತೊಡಗಿದಳು.

ಒಂದು. ಎರಡು. ಮೂರು.

ಮೇಷ್ಟ್ರು ಒಂದೇ ಹೆಜ್ಜೆ ಹಿಂದೆ ಸರಿದಿದ್ದ. ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣು ಮುಚ್ಚಿದ. ಪರೀಕ್ಷೆಯ ದಿನ, ಇಂಜೆಕ್ಷನ್ನಿನ ದಿನ, ಅಮ್ಮ ಸತ್ತ ದಿನ, ಭಯವಾದಾಗಲೆಲ್ಲ ಚಿಕ್ಕಂದಿನಿಂದ ಅವನು ಮಾಡುತ್ತಿದ್ದದ್ದೇ ಅದು. ತುಟಿ ಆಡಿತು. ತುಟಿಯಷ್ಟೇ ಆಡಿದ್ದರೆ ಸಾಕಿತ್ತು. ಬಹಳ ಹೆದರಿದ್ದನೋ ಏನೋ, ದನಿಯೂ ಬಂತು. ಮೈಕಕ್ಕನ ಮೈಕು ಅಂದರೆ ಊರಲ್ಲೇ ಒಳ್ಳೆಯ ಮೈಕು, ಉಸಿರನ್ನೂ ಬಿಡುವುದಿಲ್ಲ.

"ಬಾಗಿಲ ಹತ್ರ ನಿಂತಿದೀನಿ, ಒಳಗೆ ಕರಿ. ಕೈ ಖಾಲಿ ಇದೆ, ಕೈ ನೋಡಬೇಡ. ನನ್ನ ಜೊತೆ ಬಂದವರನ್ನೂ ಒಳಗೆ ಕರಿ."

ಅಮ್ಮನ ಪ್ರಾರ್ಥನೆ. ಕೆಳಬೀದಿಯ ಪ್ರಾರ್ಥನೆ. ಹನ್ನೆರಡು ಹಾರನ್‌ಗಳಿಂದ, ಹನ್ನೆರಡು ದಿಕ್ಕಿಗೆ.

ಅವಳ ಬೆರಳು ಸ್ವಿಚ್ಚಿನ ಮೇಲೆಯೇ ಇತ್ತು. ಮೊದಲ ಮಾತು ಕಿವಿಗೆ ಬಿದ್ದಾಗ ಎಣಿಕೆ ನಾಲ್ಕು. ಒಂದು ಚೂರು ಒತ್ತಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಒತ್ತಲಿಲ್ಲ. ಅಮ್ಮ ಹೋಗಿ ಹನ್ನೊಂದು ವರ್ಷವಾಗಿತ್ತು, ಆ ಹನ್ನೊಂದು ವರ್ಷ ಆ ಮಾತನ್ನು ಅವಳ ಮುಂದೆ ಯಾರೂ ಆಡಿರಲಿಲ್ಲ. ಅಷ್ಟೇಕೆ, ಅಮ್ಮನ ತುಟಿಯನ್ನಷ್ಟೇ ನೋಡಿದ್ದ ಅವಳು ಅದನ್ನು ದನಿಯಲ್ಲಿ ಕೇಳಿದ್ದೇ ಇಲ್ಲ. ಕೇಳುತ್ತ ನಿಂತಳು. ಏಳು, ಎಂಟು, ಒಂಬತ್ತು, ಹತ್ತು. ಆಮೇಲೆ ಆರಿಸಿದಳು. ಅಪ್ಪ ಹೇಳಿಕೊಟ್ಟ ಹಾಗೆಯೇ.

ಆಗ ಹಿಂದಿನ ಗೋಡೆಯ ಬಳಿ ನಿಂತಿದ್ದ ಕೆಳಬೀದಿಯವನೊಬ್ಬ ಸಂತೋಷ ತಡೆಯಲಾರದೆ ಕೂಗಿದ: "ಮೇಷ್ಟ್ರು ನಮ್ಮೋರು ಕಣ್ರೋ!" ಅವರೆಲ್ಲ ಹೋ ಎಂದು ಕೇಕೆ ಹಾಕಿದರು. ಪ್ರೀತಿಯಿಂದಲೇ ಹಾಕಿದರು, ಅವರ ಬಾಯಿಗಿಷ್ಟು ಮಣ್ಣು ಬಿದ್ದಿದ್ದರೆ ಆಗಿತ್ತು.

ಮೊದಲ ಕಲ್ಲು ಕಂಬದ ಮೇಲಿನ ಹಾರನ್ನಿಗೆ ಬಿತ್ತು. ಎರಡನೆಯದು ಮೇಷ್ಟ್ರ ಹಣೆಗೆ. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ವೇದಿಕೆಯ ಮೇಲೆ ಇಪ್ಪತ್ತು ಜನ. "ಮೋಸಗಾರ! ಒಳಗೊಳಗೇ ಅವರವನು!" ಹಣೆಯ ರಕ್ತ ಕಣ್ಣಿಗಿಳಿದು ಏನೂ ಕಾಣದೆ ಮೇಷ್ಟ್ರು ಎರಡೂ ಕೈ ಮುಂದೆ ಚಾಚಿದ. ಟೈರ್ ಅಂಗಡಿಯವನು ಚಕ್ರದ ನಟ್ಟು ಬಿಚ್ಚುವ ಉದ್ದನೆಯ ಕಬ್ಬಿಣದ ಪಾನಾ ತಂದಿದ್ದ. ಅದನ್ನು ಎರಡು ಕೈಯಲ್ಲಿ ಹಿಡಿದು ಬೀಸಿದ. ದವಡೆ ಮುರಿದ ಸದ್ದು ಮೈಕಕ್ಕನಿಗೆ ಅಷ್ಟು ಗದ್ದಲದಲ್ಲೂ ಕೇಳಿಸಿತು.

ಅವಳು ವೇದಿಕೆ ಹತ್ತಿದ್ದು ಹೇಗೋ ಅವಳಿಗೇ ಗೊತ್ತಿಲ್ಲ. ಕೈಯಲ್ಲಿ ಮೈಕಿನ ಸ್ಟ್ಯಾಂಡಿತ್ತು, ಅದರ ಅಡಿಯಲ್ಲಿ ಆರು ಕಿಲೋ ಕಬ್ಬಿಣದ ತಟ್ಟೆ. ಪಾನಾ ಮತ್ತೆ ಮೇಲೇರಿದಾಗ ಆ ತಟ್ಟೆಯಿಂದ ಟೈರ್ ಅಂಗಡಿಯವನ ಮುಖಕ್ಕೇ ಅಪ್ಪಳಿಸಿದಳು. ಇದೇ ಮನುಷ್ಯನ ಮಗಳ ಮದುವೆಗೆ ಪುಕ್ಕಟೆ ಮೈಕ್ ಹಾಕಿಕೊಟ್ಟಿದ್ದಳು. ಅವನ ಎರಡು ಹಲ್ಲು ಅವಳ ಕಾಲ ಬಳಿ ಬಿದ್ದವು. ಖುಷಿಯಾಯಿತು. ಸುಳ್ಳು ಯಾಕೆ ಹೇಳಬೇಕು, ಇನ್ನೊಂದು ಏಟು ಹಾಕಬೇಕೆನಿಸಿತು, ಹಾಕಿದಳು.

ಅಷ್ಟರಲ್ಲಿ ಕಾಲುಗಳ ನಡುವಿನಿಂದ ನುಸುಳಿಕೊಂಡು ಬೇಕರಿಯವನು ಬಂದ. ಬೆರಳುಗಳಿಗೆ ಇನ್ನೂ ಬ್ಯಾಂಡೇಜು. "ಅಕ್ಕಾ, ನೀವು ಆ ಕೈ ಹಿಡೀರಿ!" ಎಂದು, ತನ್ನ ನೆಟ್ಟಗಿದ್ದ ಒಂದೇ ಕೈಯಿಂದ ಮೇಷ್ಟ್ರ ತೋಳು ಹಿಡಿದು ಎಳೆದ. ಇಬ್ಬರೂ ಸೇರಿ ದರದರನೆ ಎಳೆದುಕೊಂಡು ವೇದಿಕೆ ಇಳಿದರು. ಬೆನ್ನಿಗೆ ಕಲ್ಲು, ದೊಣ್ಣೆ, ಬೂಟುಕಾಲು. ಅಂಗಡಿಯ ಹೊಸ್ತಿಲು ದಾಟಿ ತಮ್ಮನನ್ನು ಒಳಗೆ ಉರುಳಿಸಿದಳು. ಮೇಜನ್ನೂ ಒಳಗೆಳೆದು ಶಟರ್ ಹಿಡಿದು ಜಗ್ಗಿದಳು.

ಬೇಕರಿಯವನು ಒಂದು ಮಾರು ದೂರದಲ್ಲಿದ್ದ. ಯಾರೋ ಅವನ ಅಂಗಿ ಹಿಂದಿನಿಂದ ಹಿಡಿದಿದ್ದರು. "ಅಕ್ಕಾ, ತಡೀರಿ!" ಎಂದ. ಅವನ ಬೆನ್ನ ಹಿಂದೆಯೇ ಹತ್ತು ಜನ. ತಡೆದರೆ ಅವರೂ ಒಳಗೆ. ಮೈಕಕ್ಕ ತಡೆಯಲಿಲ್ಲ. ಶಟರ್ ನೆಲಕ್ಕೆ ಬಡಿಯಿತು, ಒಳಗಿನಿಂದ ಬೀಗ ಬಿತ್ತು.

ಹೊರಗೆ ಅವನು ಸ್ವಲ್ಪ ಹೊತ್ತು ಶಟರ್ ತಟ್ಟಿದ. ಕೈಯಿಂದ ತಟ್ಟಿದ, ಆಮೇಲೆ ತಟ್ಟಿದ್ದು ಕೈಯಲ್ಲ, ಅವನ ತಲೆ, ತಟ್ಟಿದವನೂ ಅವನಲ್ಲ. ಶಟರಿನ ಕೆಳಗಿನ ಸಂದಿಯಿಂದ ರಕ್ತ ಒಳಗೆ ಹರಿದು ಬಂದು ವೈರಿನ ಸುರುಳಿಯ ಸುತ್ತ ನಿಂತಿತು. ಮೇಷ್ಟ್ರು ಗೋಡೆಗೆ ಒರಗಿ ಕೂತು ಅದನ್ನೇ ನೋಡುತ್ತಿದ್ದ. ಆಮೇಲೆ ಅಕ್ಕನನ್ನು ನೋಡಿದ. ದವಡೆ ಒಂದು ಕಡೆಗೆ ಜೋತಿತ್ತು, ಬಾಯಿಂದ ಮಾತು ಹೊರಡುವ ಹಾಗಿರಲಿಲ್ಲ.

"ಹಾಗೆ ನೋಡಬೇಡ ಕಣೋ," ಎಂದಳು ಅವಳು. "ನನಗೆ ಎರಡೇ ಕೈ ಇರೋದು."

ಕಲ್ಲು ಶಟರಿಗೆ ಬೀಳುತ್ತಲೇ ಇದ್ದವು. ಒಂದೊಂದೇ ಹಾರನ್ ಒಡೆದು ಬೀಳುವ ಸದ್ದು ಕೇಳಿ ಅವಳು ಲೆಕ್ಕ ಇಟ್ಟಳು. ಆಂಪ್ಲಿಫೈಯರಿನ ಹಸಿರು ದೀಪ ಉರಿಯುತ್ತಿತ್ತು, ಬ್ಯಾಟರಿ ಇತ್ತಲ್ಲ. ಮೇಜಿನ ಮೇಲೆ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಕೈಮೈಕು ಹಾಗೇ ಇತ್ತು. ಅಷ್ಟರಲ್ಲಿ ಮೂಗಿಗೆ ಪೆಟ್ರೋಲಿನ ವಾಸನೆ ಬಡಿಯಿತು. ರಕ್ತದ ಪಕ್ಕದಲ್ಲೇ ಇನ್ನೊಂದು ಹರಿವು ಒಳಗೆ ಬರುತ್ತಿತ್ತು.

ಶಟರಿನಲ್ಲಿ ಕಾಗದ ಹಾಕುವ ಕಿಂಡಿಯಿತ್ತು. ಅದರಲ್ಲಿ ಎರಡು ಕಣ್ಣು ಕಾಣಿಸಿದವು. ಕಾಂಟ್ರಾಕ್ಟರದು. ಅವರ ಹುಬ್ಬೂ ಒಡೆದಿತ್ತು, ತಡೆಯಲು ಹೋಗಿ ತಮ್ಮವರದೇ ಕಲ್ಲು ತಿಂದಿದ್ದರು.

"ಅಕ್ಕಾ, ನನ್ನ ಮಾತು ಕೇಳ್ತಿಲ್ಲ ಇವರು. ಎಬ್ಬಿಸಿದ್ದು ನಾನೇ, ಈಗ ನನ್ನ ಕೈ ಮೀರಿದೆ. ಬೆಂಕಿ ಇಡ್ತಾರೆ. ಮೇಷ್ಟ್ರ ಹತ್ರ ಆ ಎರಡು ಸಾಲು ಹೇಳಿಸಿ ಅಕ್ಕ, ಹೊರಗೆ ಹಾರನ್ ಇನ್ನೂ ಒಂದೆರಡು ಉಳಿದಿವೆ. ಅದೊಂದು ಕೇಳಿಸಿದ್ರೆ ತಣ್ಣಗಾಗ್ತಾರೆ. ನನ್ನ ಮಗಳಾಣೆ."

"ಅವನ ದವಡೆ ಮುರಿದಿದೀರಲ್ರೀ! ಯಾವ ಬಾಯಲ್ಲಿ ಹೇಳ್ಲಿ ಅವನು?"

"ಹಾಗಾದ್ರೆ ನೀವೇ ಹೇಳಿ. ಬೇಗ ಅಕ್ಕ, ಬೆಂಕಿಪೊಟ್ಟಣ ತೆಗೆದಿದಾನೆ."

ಅವಳು ಕೈಮೈಕು ಎತ್ತಿಕೊಂಡಳು. ಮೇಷ್ಟ್ರು ತೆವಳಿಕೊಂಡು ಬಂದು ಅವಳ ಮಣಿಕಟ್ಟು ಹಿಡಿದ. ತಲೆ ಅಲ್ಲಾಡಿಸಿದ, ಬೇಡ. ಅಲ್ಲಾಡಿಸಿದ ನೋವಿಗೆ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೆ ಅಲ್ಲಾಡಿಸಿದ. ಬೇಡ ಅಕ್ಕ. ಬೇಡ.

"ಸುಮ್ನಿರೋ!" ಅವಳು ಅರಚಿದಳು. "ನಿನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಇಲ್ಲಿ ಸುಟ್ಟು ಕರಕಲಾಗೋಕೆ ಬೆಳೆಸಿದ್ನಾ? ನಿನ್ನ ನೀತಿ ಗೀತಿ ಎಲ್ಲಾ ನಾಳೆ ಇಟ್ಕೋ. ನಾಳೆ ಅಂತ ಒಂದು ಇರ್ಲಿ ಮೊದಲು." ಕೈ ಕೊಡವಿಕೊಂಡು ಸ್ವಿಚ್ ಒತ್ತಿದಳು.

"ನನ್ನ ತಮ್ಮನಿಗೆ ಬಾಯಿ ಆಡ್ತಿಲ್ಲ. ಅವನ ಪರವಾಗಿ ನಾನು ಹೇಳ್ತೀನಿ." ತನ್ನ ದನಿ ಹೊರಗಿನಿಂದ ತನಗೇ ಕೇಳಿಸಿತು. "ಮೇಲಿರೋನೇ, ಬೆಳಕು ನಿನ್ನದು, ಬೀದಿ ನಿನ್ನದು. ನಿನ್ನವರ ಮುಂದೆ ನೀನೇ ನಡಿ."

ಕಲ್ಲು ನಿಂತವು. ಆಮೇಲೆ ಚೌಕವೆಲ್ಲ ಒಂದೇ ಗಂಟಲಾಗಿ ಆ ಸಾಲನ್ನು ತಿರುಗಿ ಹೇಳಿತು. ಇನ್ನೊಮ್ಮೆ ಹೇಳಿತು. "ನಿನ್ನವರ ಮುಂದೆ ನೀನೇ ನಡಿ! ನೀನೇ ನಡಿ!" ಯಾರೋ ಅತ್ತರು. "ಮೇಷ್ಟ್ರು ನಮ್ಮೋರೇ! ಕೆಳಗಿನವರು ಅವರ ತಲೆ ಕೆಡಿಸಿದ್ದು!" ಎಂದು ಯಾರೋ ಕೂಗಿದರು. ಬೆಂಕಿಪೊಟ್ಟಣದವನು ಶಟರ್ ಬಿಟ್ಟು ಸರಿದ. ಮೈಕಕ್ಕ ಅಲ್ಲೇ ನೆಲದ ಮೇಲೆ ಕೂತಳು. ಅಭ್ಯಾಸ ನೋಡಿ, ಬೆರಳು ಸ್ವಿಚ್ಚಿನ ಮೇಲೆ ಹಾಗೇ ಇತ್ತು, ಮನಸ್ಸು ಎಣಿಸುತ್ತಿತ್ತು. ಒಂದು, ಎರಡು, ಮೂರು.

ಮೇಷ್ಟ್ರು ಎಣಿಸಲಿಲ್ಲ. ಮೈಕಿನ ವೈರನ್ನು ಎರಡು ಕೈಯಲ್ಲಿ ಹಿಡಿದು ಬುಡಸಮೇತ ಕಿತ್ತು ಗೋಡೆಗೆ ಎಸೆದ. ಅವಳನ್ನು ಅವನು ಹಾಗೆ ದ್ವೇಷದಿಂದ ನೋಡಿದ್ದು ಹುಟ್ಟಿದಾಗಿನಿಂದ ಅದೇ ಮೊದಲು.

ಹೊರಗೆ ಒಬ್ಬನ ದನಿ ಎದ್ದಿತು. "ಕೆಳಬೀದಿಗೆ!"

ಸಾವಿರ ಕಾಲು ಒಟ್ಟಿಗೆ ತಿರುಗಿದ ಸದ್ದು. "ನೀನೇ ನಡಿ! ನೀನೇ ನಡಿ!" ಎನ್ನುತ್ತ ಅವರು ಇಳಿಜಾರಿನ ಕಡೆ ಹೊರಟರು. ಇಳಿಜಾರಿನ ತಳದ ಮೊದಲ ಮನೆ ಯಾರದು ಎಂದು ಅವಳ ತಲೆಗೆ ಹೊಳೆಯಲು ಅರೆಕ್ಷಣ ಬೇಕಾಯಿತು.

"ಚಿಕ್ಕಮ್ಮ!"

ಮೈಕು ಎತ್ತಿದಳು. ಸತ್ತಿತ್ತು. ವೈರು ಎಳೆದ ರಭಸಕ್ಕೆ ಬೆಸುಗೆಯೇ ಕಿತ್ತು ಬಂದಿತ್ತು. ಕೆಲಸವೇನೂ ದೊಡ್ಡದಲ್ಲ, ಹಲ್ಲಿನಲ್ಲಿ ವೈರಿನ ಸಿಪ್ಪೆ ಸುಲಿದು, ಎರಡು ಎಳೆಯನ್ನು ಸರಿಯಾದ ಜಾಗಕ್ಕೆ ಸುತ್ತಬೇಕು. ಕಣ್ಣು ಮುಚ್ಚಿಕೊಂಡು ಎರಡು ನಿಮಿಷದಲ್ಲಿ ಮಾಡುವವಳು. ಆದರೆ ಬೆರಳು ರಕ್ತದಿಂದ ಜಾರುತ್ತಿತ್ತು, ಎಳೆ ತುಂಡಾಗುತ್ತಿತ್ತು, ಮತ್ತೆ ಸುಲಿಯಬೇಕು. ಏನಾಯಿತೆಂದು ಆಗ ಅರ್ಥವಾಗಿ ಮೇಷ್ಟ್ರೂ ತೆವಳಿ ಬಂದು ವೈರಿನ ತುದಿ ಹಿಡಿದುಕೊಂಡ. ಆರು ನಿಮಿಷ ಹಿಡಿಯಿತು. ಹಸಿರು ದೀಪದ ಪಕ್ಕದ ಮುಳ್ಳು ಅಲುಗಿದ ಕೂಡಲೇ ಅವಳು ಗಂಟಲು ಹರಿಯುವ ಹಾಗೆ ಕೂಗಿದಳು.

"ಚಿಕ್ಕಮ್ಮಾ! ಬಾಗಿಲು ಹಾಕ್ಕೋ! ಹಿತ್ತಲ ಕಡೆಯಿಂದ ಓಡು! ಓಡು ಚಿಕ್ಕಮ್ಮಾ!"

ಕೂಗುತ್ತಲೇ ಶಟರಿನ ಕಿಂಡಿಯಲ್ಲಿ ನೋಡಿದಳು. ಇಳಿಜಾರಿನ ತುದಿಯಲ್ಲಿ ಆಗಲೇ ಹೊಗೆ ಎದ್ದಿತ್ತು. ಬೇಕರಿಯವನು ಶಟರಿಗೆ ಒರಗಿಕೊಂಡೇ ಸತ್ತಿದ್ದ. ಅವನನ್ನು ಸರಿಸದೆ ಶಟರ್ ಎತ್ತಲು ಆಗುತ್ತಿರಲಿಲ್ಲ.

ಕೆಳಬೀದಿಯಲ್ಲಿ ನಾಲ್ಕು ಮನೆ ಸುಟ್ಟವು, ಮೂರು ಜನ ಸತ್ತರು. ಪೊಲೀಸ್ ಲಾರಿ ಬಂದದ್ದು ಎಲ್ಲ ಸುಟ್ಟು ಮುಗಿದ ಮೇಲೆ. ಮರುದಿನ ಮಧ್ಯಾಹ್ನ ಮೈಕಕ್ಕ ಆಸ್ಪತ್ರೆಗೆ ಹೋದಳು. ಗಂಡಸರ ವಾರ್ಡಿನಲ್ಲಿ ದವಡೆಗೆ ತಂತಿ ಹಾಕಿಸಿಕೊಂಡು ಮೇಷ್ಟ್ರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಪಕ್ಕದ ಮೇಜಿನ ಮೇಲೆ ಮೇಲ್ಬೀದಿಯವರು ತಂದಿಟ್ಟ ಹಣ್ಣಿನ ಬುಟ್ಟಿಯಿತ್ತು, "ನಮ್ಮ ಮೇಷ್ಟ್ರಿಗೆ" ಎಂದು ಚೀಟಿ ಅಂಟಿಸಿತ್ತು. "ಪುಟ್ಟಾ" ಎಂದು ಕರೆದಳು. ತಿರುಗಲಿಲ್ಲ. ಮತ್ತೆ ಕರೆದಳು. ಭುಜ ಒಮ್ಮೆ ಅಲುಗಿತು, ತಿರುಗಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಕೊನೆಯ ಮಂಚ ಚಿಕ್ಕಮ್ಮನದು. ಸೊಂಟದಿಂದ ಕೆಳಗೆಲ್ಲ ಬ್ಯಾಂಡೇಜು. ಇನ್ನೆರಡು ದಿನ ಬದುಕಿದರೆ ಹೆಚ್ಚು ಎಂದು ನರ್ಸು ಬಾಗಿಲಲ್ಲೇ ಹೇಳಿದ್ದಳು. ಚಿಕ್ಕಮ್ಮ ಎಚ್ಚರವಾಗಿದ್ದಳು. ಮೈಕಕ್ಕನನ್ನು ಕಂಡು ಮುಖ ಅರಳಿತು. ಮುದುಕಿಯ ಕೈ ಹಿಡಿದು, ಮೂವತ್ತು ವರ್ಷ ಕೇಳಿದ್ದನ್ನೇ ಕೇಳಿದಳು.

"ಕೇಳಿಸ್ತಾ ಚಿಕ್ಕಮ್ಮ?"

"ಹೂಂ ಕಣೇ, ಎಲ್ಲಾ ಕೇಳಿಸ್ತು. ಮೊದಲು ಪುಟ್ಟ. ಅದನ್ನ ಹೀಗೆ ಗಟ್ಟಿಯಾಗಿ ಹೇಳಿದ್ದು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಮೆಷಿನ್ ನಿಲ್ಲಿಸಿ ಅತ್ತುಬಿಟ್ಟೆ." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡಳು. "ಆಮೇಲೆ ಗಲಾಟೆ. ಕಲ್ಲಿನ ಸದ್ದು. ಹೆದ್ರಿಕೊಂಡು ಚಿಲಕ ಹಾಕಿ ಮಂಚದ ಕೆಳಗೆ ಕೂತಿದ್ದೆ."

"ಅಲ್ಲೇ ಇರಬೇಕಿತ್ತು ಚಿಕ್ಕಮ್ಮ. ಯಾಕೆ ಎದ್ದೆ?"

"ನಿನ್ನ ದನಿ ಬಂತಲ್ಲೇ. ನೀನು ಅವರ ಪ್ರಾರ್ಥನೆ ಹೇಳ್ದೆ, ಅವರೆಲ್ಲ ನಿನ್ನ ಹಿಂದೆ ಹೇಳಿದ್ರು. ಓ, ರಾಜಿಯಾಯ್ತು, ಮಗಳು ಇನ್ನು ನಮ್ಮನೇಗೇ ಬರ್ತಾಳೆ ಅಂದ್ಕೊಂಡೆ. ಎದ್ದು ಬಾಗಿಲು ತೆಗೆದು ನಿಂತೆ."

ಮೈಕಕ್ಕ ಮುದುಕಿಯ ಕೈಯನ್ನು ಹಿಡಿದೇ ಇದ್ದಳು. ನರ್ಸು ಬಂದು ಬ್ಯಾಂಡೇಜು ಬದಲಾಯಿಸಬೇಕು, ಹೊರಗೆ ಹೋಗಿ ಎಂದಳು. ಎದ್ದಾಗ ಚಿಕ್ಕಮ್ಮ ಅವಳ ಬೆರಳು ಎಳೆದಳು.

"ಆ ಹಾರನ್ ಬಿಚ್ಕೊಂಡೆಯೇನೇ? ಸೂರು ಅರ್ಧ ಬಿದ್ದಿದೆ ಅಂತಾರೆ. ಹತ್ತುವಾಗ ಜೋಪಾನ ಮಗಳೇ."